ನಾಲ್ಕು ಗೆರೆಯ ಕಂಬ

ಹಳೆಯ ಮನೆಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಬರುತ್ತೇವೆ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇದು ಹೊಟ್ಟೆಯ ಮೇಲೆ ತೆವಳುವ ಕೆಲಸ. ಕಾಲೇಜಿನಲ್ಲಿ ಕಮಾನು, ಶೈಲಿ, ಶತಮಾನ ಎಂದೆಲ್ಲ ಕಲಿಸುತ್ತಾರೆ. ಕೆಲಸಕ್ಕೆ ಸೇರಿದ ಮೊದಲನೆಯ ವಾರವೇ ನನ್ನನ್ನು ಹ್ಯೂಸ್ಟನ್ನಿನ ಒಂದು ಮನೆಯ ನೆಲದ ಕೆಳಗೆ, ಎರಡಡಿ ಎತ್ತರದ ಸಂದಿಯೊಳಗೆ ಕಳಿಸಿದರು. ಅಲ್ಲಿ ನನಗಿಂತ ಮೊದಲೇ ಬಂದು ಸಂಸಾರ ಹೂಡಿದ್ದ ಪಾಸಮ್ ಎಂಬ ಪ್ರಾಣಿ, ಹೆಗ್ಗಣದ ಅಣ್ಣನಂತಿರುವುದು, ನನ್ನ ಟಾರ್ಚಿಗೆ ಹಲ್ಲು ಕಿರಿಯಿತು. ಇಬ್ಬರೂ ಹೆದರಿದೆವು. ಮೊದಲು ಹೊರಗೆ ಬಂದವಳು ನಾನು.

ಅಟ್ಟ ಇನ್ನೂ ಕಷ್ಟ. ಟೆಕ್ಸಸ್ಸಿನ ಆಗಸ್ಟ್ ತಿಂಗಳಲ್ಲಿ ಮನೆಯ ಅಟ್ಟ ಹತ್ತಿದರೆ ಬೆವರು ಕಣ್ಣಿಗೆ ಇಳಿದು ಟೇಪಿನ ಅಂಕಿ ಕಾಣುವುದಿಲ್ಲ. ಕಣಜದ ಗೂಡು, ಕಾವು ತಡೆಯಲು ಹಾಸಿದ, ಮೈ ತುರಿಸುವ ಗಾಜಿನ ಹತ್ತಿ, ಸತ್ತ ಅಳಿಲು. ಆದರೂ ಹೇಳುತ್ತೇನೆ, ಮನೆಯ ನಿಜ ಇರುವುದು ಅಟ್ಟದಲ್ಲೇ. ಮುಂಬಾಗಿಲಿನ ಕಡೆಯಿಂದ ನೋಡಿ ಮನೆಯ ವಯಸ್ಸು ಹೇಳುವವರನ್ನು ನಂಬಬೇಡಿ. ನಾನಂತೂ ಅಟ್ಟ ಹತ್ತಿಯೂ ತಪ್ಪು ಹೇಳಿದ್ದೆ ಒಮ್ಮೆ. ಅದನ್ನು ಬರೆಯುವುದಕ್ಕೇ ಈಗ ಕೂತಿದ್ದೇನೆ.

ನಾನು ನಿವೃತ್ತಳಾಗಿ ಎರಡು ವರ್ಷವಾಯಿತು. ಡಲ್ಲಾಸಿನ ಹತ್ತಿರದ ಅಲೆನ್‌ನಲ್ಲಿ, ನನಗಿಂತ ನಲವತ್ತು ವರ್ಷ ಚಿಕ್ಕದಾದ ಮನೆಯಲ್ಲಿ ಇದ್ದೇನೆ. ಅಟ್ಟದಲ್ಲಿ ನೋಡುವಂಥದ್ದೇನೂ ಇಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಅಪ್ಪ ಬಡಗಿ. ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ನೀರು ನಿಲ್ಲುವ ಊರುಗಳ ಜನ ಮಣ್ಣಿನ ಗೋಡೆಗಳನ್ನು ಬಿಟ್ಟು, ಕಂಬ, ತೊಲೆ, ಜಂತೆಗಳನ್ನು ಬಿಚ್ಚಿ ಗಾಡಿಯ ಮೇಲೆ ಹೇರಿಕೊಂಡು ಹೊಸ ಊರಿಗೆ ಹೋದರು. ಬಿಚ್ಚುವುದು ಸುಲಭ. ಬಿಚ್ಚಿದ್ದನ್ನು ಇದ್ದ ಹಾಗೇ ಮತ್ತೆ ನಿಲ್ಲಿಸುವುದು ಅಪ್ಪನ ಕೆಲಸ. ಪ್ರತಿಯೊಂದು ಕಂಬದ ಮೇಲೂ ಉಳಿಯಿಂದ ಗೆರೆ ಕೊರೆಯುತ್ತಿದ್ದ: ಒಂದನೆಯದಕ್ಕೆ ಒಂದು ಗೆರೆ, ನಾಲ್ಕನೆಯದಕ್ಕೆ ನಾಲ್ಕು, ಐದಕ್ಕೆ ಒಂದು ವಾರೆಗೆರೆ, ಆರಕ್ಕೆ ವಾರೆಗೆರೆಯ ಪಕ್ಕ ಒಂದು ನೆಟ್ಟಗೆರೆ. ನಾನು ಆಗ ಶಾಲೆಯಲ್ಲಿ ಇಂಗ್ಲಿಷ್ ಅಂಕಿ ಕಲಿತಿದ್ದೆ. ಅಪ್ಪನ ಅಜ್ಞಾನ ನೋಡಿ ನನಗೆ ನಾಚಿಕೆ.

"ಅಪ್ಪಾ, ಹಿಂಗಲ್ಲ, ಆರು ಹಿಂಗ ಬರೀತಾರ," ಎಂದು ಸೀಮೆಸುಣ್ಣದಲ್ಲಿ ಕಂಬದ ಮೇಲೆ 6 ಬರೆದು ತೋರಿಸಿದೆ.

ಅಪ್ಪ ಉಳಿ ಕೆಳಗಿಟ್ಟು ನಕ್ಕ. "ಏ ಶಾಣ್ಯಾಕಿ, ಗಾಡ್ಯಾಗಿಂದ ಇಳಸುವಾಗ ಕಂಬ ತಲಿಕೆಳಗಾತಂದ್ರ ನಿನ್ನ ಆರು ಒಂಬತ್ತಾಗತೈತಿ. ಆಮ್ಯಾಲೆ ಗೌಡ್ರ ಪಡಸಾಲ್ಯಾಗಿನ ಕಂಬ ಹೋಗಿ ದನಾ ಕಟ್ಟೋ ಜಾಗಾದಾಗ ಕುಂದ್ರತೈತಿ. ನನ್ನ ಗೆರಿ ಹ್ಯಾಂಗ ತಿರುವಿದ್ರೂ ಅಷ್ಟ ಇರತಾವ. ಮತ್ತ ಉಳಿ ನೆಟ್ಟಗ ಅಷ್ಟ ಕಡಿತೈತಿ, ಗುಂಡಗ ಬರಿಯಾಕ ಅದಕ್ಕ ಯಾರು ಕಲಿಸ್ಯಾರ?"

ನಾನು ಒಪ್ಪಲಿಲ್ಲ. ಶಾಲೆಯ ಪುಸ್ತಕದಲ್ಲಿ ಹಾಗಿರಲಿಲ್ಲವಲ್ಲ.

ಮುಂದೆ ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದೆ. ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರು. ಅಲ್ಲಿಂದ ಸ್ಕಾಲರ್‌ಶಿಪ್ ಸಿಕ್ಕಿ ಆಸ್ಟಿನ್‌ಗೆ ಬಂದು ಹಳೆಯ ಕಟ್ಟಡಗಳ ಸಂರಕ್ಷಣೆ ಎಂಬ ವಿಷಯದಲ್ಲಿ ಇನ್ನೊಂದು ಡಿಗ್ರಿ ಮಾಡಿದೆ. ಎರಡು ಸರ್ಟಿಫಿಕೇಟುಗಳನ್ನೂ ಫ್ರೇಮು ಹಾಕಿಸಿ, ಮೊದಲನೆಯ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡೆ. ಅಪ್ಪ ಕೊಟ್ಟು ಕಳಿಸಿದ್ದ ದಬ್ಬಣವನ್ನು, ಗೋಣಿಚೀಲ ಹೊಲಿಯುವ ದೊಡ್ಡ ಸೂಜಿ ಅದು, ಚೀಲದ ತಳದಲ್ಲಿ ಇಟ್ಟೆ. "ಮರಾ ಹೊರಗ ನೋಡಬ್ಯಾಡ, ಚುಚ್ಚಿ ನೋಡು," ಅಂದಿದ್ದ.

ನನ್ನ ಮೊದಲನೆಯ ಮೇಲಧಿಕಾರಿ ರೂತ್. ಐವತ್ತು ದಾಟಿದ ಹೆಂಗಸು. ಮದುವೆ ಮನೆಗೂ ಕೆಸರಿನ ಬೂಟಿನಲ್ಲೇ ಹೋಗುತ್ತಿದ್ದರೇನೋ. ಕಸ್ತೂರಿ ಎಂಬ ನನ್ನ ಹೆಸರನ್ನು ಎರಡು ದಿನ ಪ್ರಯತ್ನಿಸಿ, ಮೂರನೆಯ ದಿನ "ಕ್ಯಾಸ್" ಎಂದು ತೀರ್ಮಾನಿಸಿಬಿಟ್ಟರು. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತು.

ಎರಡನೆಯ ವರ್ಷ ಹ್ಯೂಸ್ಟನ್ನಿನಲ್ಲಿ ಒಂದು ಹಳೆಯ ಇಟ್ಟಿಗೆಯ ಮನೆಗೆ ಸಂದು ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಇಟ್ಟಿಗೆಗಳ ನಡುವೆ ಮೊದಲಿದ್ದದ್ದು ಸುಣ್ಣದ ಗಾರೆ, ಬೆರಳಿನಲ್ಲಿ ಉಜ್ಜಿದರೆ ಉದುರುತ್ತಿತ್ತು. ನಾನು ಗಟ್ಟಿಯಾಗಿರಲಿ ಎಂದು ಸಿಮೆಂಟು ಬರೆದುಕೊಟ್ಟೆ. ಹ್ಯೂಸ್ಟನ್ನಿನ ಗಾಳಿ ಗೊತ್ತಲ್ಲ, ಹಿಂಡಿದರೆ ನೀರು ಬರುತ್ತದೆ. ಗೋಡೆ ಕುಡಿದ ನೀರು ಮೊದಲು ಮೆತ್ತನೆಯ ಸುಣ್ಣದ ಸಂದಿನಿಂದ ಹೊರಗೆ ಹೋಗುತ್ತಿತ್ತು. ಸಿಮೆಂಟು ದಾರಿ ಕೊಡಲಿಲ್ಲ. ನೀರು ಇಟ್ಟಿಗೆಯ ಮೈಯಿಂದಲೇ ದಾರಿ ಮಾಡಿಕೊಂಡಿತು. ಎರಡು ಮಳೆಗಾಲಕ್ಕೆ ಇಟ್ಟಿಗೆಯ ಮುಖ ಹಪ್ಪಳದ ಹಾಗೆ ಎದ್ದು ಬಂತು. ರೂತ್ ಒಂದು ಚಕ್ಕೆ ತಂದು ನನ್ನ ಮೇಜಿನ ಮೇಲಿಟ್ಟು, "ಇದನ್ನೂ ನಿನ್ನ ಸರ್ಟಿಫಿಕೇಟಿನ ಪಕ್ಕ ಇಟ್ಟುಕೋ," ಎಂದಷ್ಟೇ ಹೇಳಿದರು. ಆ ಚಕ್ಕೆ ಈಗಲೂ ನನ್ನ ಬಳಿ ಇದೆ.

ಅಷ್ಟಾದರೂ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಮರುವರ್ಷವೇ ಸಾಕ್ಷಿ ಸಿಕ್ಕಿತು.

ಡಲ್ಲಾಸಿನ ಉತ್ತರಕ್ಕೆ, ಮೆಕಿನ್ನಿ ಊರಿನ ಆಚೆ, ಆಗ ಬರೀ ಹುಲ್ಲುಗಾವಲು ಇದ್ದ ಕಡೆ, ಒಂದು ದೊಡ್ಡ ಮನೆ ಇತ್ತು. ಸುತ್ತಲಿನವರು ಅದನ್ನು "ಇಂಗ್ಲಿಷ್ ಮನೆ" ಎನ್ನುತ್ತಿದ್ದರು. ಎಣ್ಣೆ ಬಾವಿಯಲ್ಲಿ ಅದೃಷ್ಟ ಕುದುರಿದ ಒಬ್ಬಾತ ಇಂಗ್ಲೆಂಡಿನಲ್ಲಿ ಕೆಡವುತ್ತಿದ್ದ ಒಂದು ಹಳ್ಳಿಗಾಡಿನ ದೊಡ್ಡಮನೆಯ ನಡುಮನೆಯನ್ನು, ಅವರು ಗ್ರೇಟ್ ಹಾಲ್ ಎನ್ನುತ್ತಾರೆ, ವ್ಯಾಪಾರಿಯೊಬ್ಬನಿಂದ ಕೊಂಡು ಬಿಚ್ಚಿಸಿ, ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ತರಿಸಿ, ಇಲ್ಲಿ ನಿಲ್ಲಿಸಿದ್ದನಂತೆ. ಅದರ ಎರಡೂ ಪಕ್ಕಕ್ಕೆ ಟೆಕ್ಸಸ್ಸಿನ ಇಟ್ಟಿಗೆಯಲ್ಲಿ ಮಲಗುವ ಕೋಣೆಗಳನ್ನೂ ಬಚ್ಚಲುಗಳನ್ನೂ ಸೇರಿಸಿದ್ದ. ಆತ ತೀರಿಹೋಗಿದ್ದ. ಮಗಳು, ಮಿಸ್ ಲೊರೇನ್, ಒಬ್ಬರೇ ಅಲ್ಲಿದ್ದರು. ಮನೆಯನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಬೇಕು ಎಂಬುದು ಅವರ ಆಸೆ. ಅದಕ್ಕೆ ಹಾಲ್ ನಿಜವಾಗಿಯೂ ಹಳೆಯದೇ ಎಂದು ನಮ್ಮ ವರದಿ ಬೇಕಿತ್ತು.

ಇಂಗ್ಲೆಂಡಿನ ಇಂಥ ಮನೆ ಹೇಗೆ ಬೆಳೆಯುತ್ತದೆ ಎಂದು ಇಲ್ಲಿ ಎರಡು ಮಾತು ಹೇಳಬೇಕು. ಅದು ಒಂದೇ ಸಲ ಕಟ್ಟಿದ ಮನೆಯಲ್ಲ. ಮೊದಲು ಇದ್ದದ್ದು ಒಂದೇ ದೊಡ್ಡ ನಡುಮನೆ, ಸೂರಿನವರೆಗೂ ತೆರೆದದ್ದು. ನಾವು ಮನೆಯನ್ನು ಅಂಕಣದಲ್ಲಿ ಅಳೆಯುವ ಹಾಗೇ ಅವರೂ ಕಂಬದಿಂದ ಕಂಬದ ನಡುವಿನ ಜಾಗ ಎಣಿಸಿ ಅಳೆಯುತ್ತಿದ್ದರು. ಈ ಹಾಲ್ ಐದಂಕಣದ್ದು, ಆರು ಜೊತೆ ಕಂಬ. ನೆಲದ ನಡುವೆ ಒಲೆ. ಹೊಗೆಗೊಳವೆ ಇಲ್ಲ, ಹೊಗೆ ಮೇಲೆದ್ದು ಸೂರಿನ ಬೆಳಕಿಂಡಿಯಿಂದ ಹೊರಗೆ. ಒಂದು ತುದಿಯಲ್ಲಿ ಯಜಮಾನ ಕೂರುವ ಕಟ್ಟೆ. ಇನ್ನೊಂದು ತುದಿಯಲ್ಲಿ ಮರದ ಅಡ್ಡತೆರೆ, ಅದರ ಹಿಂದೆ ಎರಡು ಬಾಗಿಲು, ಒಂದು ಪೀಪಾಯಿ ಇಡುವ ಕೋಣೆಗೆ, ಇನ್ನೊಂದು ರೊಟ್ಟಿ ಇಡುವ ಕೋಣೆಗೆ. ಯಜಮಾನ, ಆಳು, ನಾಯಿ ಎಲ್ಲರೂ ಒಂದೇ ಸೂರಿನ ಕೆಳಗೆ ಉಣ್ಣುತ್ತಿದ್ದರು. ತಲೆಮಾರು ಕಳೆದ ಮೇಲೆ ಒಲೆ ಗೋಡೆಗೆ ಸರಿಯಿತು, ಹೊಗೆಗೊಳವೆ ಬಂತು. ಹೊಗೆ ಹೋದ ಮೇಲೆ ನಡುವೆ ಅಟ್ಟ ಹಾಕಿ ಮಹಡಿ ಮಾಡಿಕೊಂಡರು. ಯಜಮಾನ ಮಹಡಿ ಹತ್ತಿ ಬೇರೆ ಕೋಣೆಯಲ್ಲಿ ಉಣ್ಣತೊಡಗಿದ, ಹಾಲ್ ಬರೀ ದಾಟಿಹೋಗುವ ಜಾಗವಾಯಿತು. ಆಮೇಲೆ ಬಂದ ಮೊಮ್ಮಕ್ಕಳು ಮುಂಭಾಗಕ್ಕೆ ಇಟ್ಟಿಗೆಯ ಹೊದಿಕೆ ಹಾಕಿ, ಎಡಕ್ಕೆಷ್ಟೋ ಬಲಕ್ಕಷ್ಟೇ ಕಿಟಕಿ ಇಟ್ಟರು. ಹೊರಗೆ ನಿಂತವನಿಗೆ ಕಾಣುವುದು ಮೊಮ್ಮಕ್ಕಳ ಮನೆ. ಅಜ್ಜನ ಮನೆ ಅಟ್ಟದಲ್ಲಿ ಕೂತಿರುತ್ತದೆ.

ನಾನು ಅಟ್ಟ ಹತ್ತಿದೆ. ಜಂತೆಗಳೆಲ್ಲ ಕಪ್ಪಗಿದ್ದವು. ಹಳೆಯದಾಗಿ ಕಾಣಲಿ ಎಂದು ಬಳಿದ ಬಣ್ಣ ಎಂದುಕೊಂಡೆ. ಕಂಬಗಳ ಮೇಲೆ ರೋಮನ್ ಅಂಕಿಗಳು ಕೊರೆದಿದ್ದವು. ಒಂದು, ಎರಡು, ಮೂರು ಸರಿ ಇದ್ದವು. ನಾಲ್ಕನೆಯ ಕಂಬಕ್ಕೆ ಬಂದಾಗ IV ಇರಲಿಲ್ಲ, ನಾಲ್ಕು ನೆಟ್ಟಗೆರೆ ಇದ್ದವು. ಒಂಬತ್ತನೆಯ ಜಂತೆಯ ಮೇಲೂ IX ಇರಲಿಲ್ಲ, ಐದರ ಗುರುತಿನ ಪಕ್ಕ ನಾಲ್ಕು ಗೆರೆ. ನನಗೆ ಖುಷಿಯೋ ಖುಷಿ. ಕಳ್ಳ ಸಿಕ್ಕಿಬಿದ್ದ! ರೋಮನ್ ಅಂಕಿ ಸರಿಯಾಗಿ ಬರೆಯಲು ಬಾರದ ಯಾರೋ ಮೊನ್ನೆ ಮೊನ್ನೆ ಕೊರೆದ ನಕಲಿ ಕೆಲಸ ಇದು.

ಓದುತ್ತಿರುವ ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು.

ಕರಡು ನೋಡಿ ರೂತ್ ಕೇಳಿದರು, "ಖಂಡಿತವೇ, ಕ್ಯಾಸ್?"

"ಖಂಡಿತ. ಶಾಲೆಯ ಮಕ್ಕಳಿಗೂ ಗೊತ್ತಿರುವ ಅಂಕಿ."

ವರದಿಯ ಕೊನೆಯ ಸಾಲು: ಇದು ಓದುಬರಹ ಬಾರದವನು ಹಳೆಯದರಂತೆ ಕಾಣಲು ಮಾಡಿದ ಹೊಸ ಕೆಲಸ. ಮಿಸ್ ಲೊರೇನ್‌ಗೆ ಅದನ್ನು ಓದಿ ಹೇಳಿದವಳೂ ನಾನೇ. ಅವರು ಐಸ್ ಟೀ ಲೋಟವನ್ನು ಮೇಜಿನ ಮೇಲೆ ಸುತ್ತಿಸುತ್ತಿದ್ದರು.

"ಹಾಗಾದರೆ ನನ್ನ ಡ್ಯಾಡಿಗೆ ಆ ವ್ಯಾಪಾರಿ ಟೋಪಿ ಹಾಕಿದ ಅಂತೀರಾ?"

"ಹಾಗೇ ಕಾಣುತ್ತದೆ, ಮೇಡಂ."

"ಡ್ಯಾಡಿ ಎಣ್ಣೆ ಬಾವಿಗೆ ಮರದ ಗೋಪುರ ಕಟ್ಟುವ ಬಡಗಿಯಾಗಿದ್ದರು, ಬಾವಿ ಕೊಳ್ಳುವುದಕ್ಕೆ ಮುಂಚೆ. ಓದು ಬರುತ್ತಿರಲಿಲ್ಲ. ಮರ ಮಾತ್ರ ಗೊತ್ತಿತ್ತು. ಪೆಟ್ಟಿಗೆ ಬಿಚ್ಚಿದ ದಿನ ಆ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿ, 'ಲೊರೇನ್, ಇದನ್ನು ಮಾಡಿದವನಿಗೆ ಕೆಲಸ ಗೊತ್ತಿತ್ತು' ಅಂದಿದ್ದರು."

ಆಗ ನಾನು ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. "ಮರ ಗೊತ್ತಿದ್ದರೆ ಸಾಲದು ಮೇಡಂ, ಓದೂ ಬೇಕಾಗುತ್ತದೆ." ಬಡಗಿಯ ಮಗಳು, ಬಡಗಿಯ ಮಗಳಿಗೆ ಹೇಳಿದ ಮಾತು.

ಮನೆ ಪಟ್ಟಿಗೆ ಸೇರಲಿಲ್ಲ. ನಾನು ಬೇರೆ ಕೆಲಸಗಳಿಗೆ ಹೋದೆ. ಹ್ಯೂಸ್ಟನ್ ಬಿಟ್ಟು ಡಲ್ಲಾಸ್ ಕಡೆಗೆ ಬಂದೆ. ಕೆಲಸದ ರೀತಿಯೂ ಬದಲಾಯಿತು. ಮೊದಲು ಇಬ್ಬರು ಟೇಪು ಹಿಡಿದು ಮೂರು ದಿನ ಅಳೆಯುತ್ತಿದ್ದ ನಡುಮನೆಯನ್ನು ಈಗ ಮೂರು ಕಾಲಿನ ಮೇಲೆ ನಿಲ್ಲಿಸಿದ ಲೇಸರ್ ಯಂತ್ರ ಒಂದು ಗಂಟೆಯಲ್ಲಿ ಅಳೆದು, ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ನಿಲ್ಲಿಸಿ ತೋರಿಸುತ್ತದೆ. ಒಳ್ಳೆಯ ಯಂತ್ರ, ನಾನೇ ಜಗಳಾಡಿ ಆಫೀಸಿಗೆ ತರಿಸಿದ್ದು. ಆದರೆ ಕೂದಲೆಳೆಯಷ್ಟು ಸಣ್ಣ ಗೀರು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಟಾರ್ಚನ್ನು ಮರಕ್ಕೆ ಒರಗಿಸಿ ಹಿಡಿಯಬೇಕು, ಬೆಳಕು ಮೇಲಿನಿಂದ ಬೀಳದೆ ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗ ಗೀರಿನ ನೆರಳು ಎದ್ದು ನಿಲ್ಲುತ್ತದೆ. ಯಂತ್ರ ಇದ್ದರೂ ಟಾರ್ಚು ಬಿಡಬೇಡಿ.

ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ಒಂದು ಶುಕ್ರವಾರ ನನಗೊಂದು ಇಮೇಲ್ ಬಂತು. ಇಂಗ್ಲಿಷ್ ಮನೆ ಇರುವ ಚಿಕ್ಕ ಊರಿನ ಕಚೇರಿಯಿಂದ. ಮಿಸ್ ಲೊರೇನ್‌ಗೆ ತೊಂಬತ್ತು ದಾಟಿ, ಡಲ್ಲಾಸಿನ ವೃದ್ಧರ ಆರೈಕೆ ಕೇಂದ್ರಕ್ಕೆ ಹೋಗಿದ್ದರು. ಜಾಗವನ್ನು ಕೊಂಡವರು ಮನೆ ಕೆಡವಿ ಬಡಾವಣೆ ಮಾಡುವವರಿದ್ದರು. ಊರಿನ ಕೆಲವರ ವಿರೋಧದಿಂದ ಬಹಿರಂಗ ವಿಚಾರಣೆ ಇಟ್ಟಿದ್ದಾರೆ, ಕೊಂಡವರ ವಕೀಲರು ನಿಮ್ಮ ಹಳೆಯ ವರದಿಯನ್ನು ಲಗತ್ತಿಸಿದ್ದಾರೆ, ಅದು ಈಗಲೂ ಸರಿ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ. ಇಷ್ಟೇ. ಸೋಮವಾರ ಮಾಡಿದರಾಯಿತು ಎಂದು ಬಿಟ್ಟೆ.

ಭಾನುವಾರ ಡಲ್ಲಾಸಿನ ಪಕ್ಕದ ಇರ್ವಿಂಗ್‌ನಿಂದ ಫೋನು. ದೇವಸ್ಥಾನದಲ್ಲಿ ಪರಿಚಯವಾದ ಶ್ರೀಧರ್, ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕೆಲಸ.

"ಆಂಟಿ, ನೀವು ಬಿಲ್ಡಿಂಗ್ ಫೀಲ್ಡಲ್ಲೇ ಅಲ್ವಾ ಇರೋದು? ದೇವರ ಮಂಟಪ ಊರಿಂದ ಶಿಪ್ ಮಾಡಿಸಿದ್ವಿ, ಪೀಸ್ ಪೀಸಾಗಿ ಬಂದಿದೆ. ವರಮಹಾಲಕ್ಷ್ಮಿ ಹಬ್ಬದೊಳಗೆ ನಿಲ್ಲಿಸ್ಬೇಕು. ಮೂರು ಸಲ ಜೋಡಿಸಿದ್ವಿ, ಮೂರು ಸಲಾನೂ ಬಿದ್ದುಹೋಯ್ತು. ಸ್ವಲ್ಪ ಬಂದು ನೋಡ್ತೀರಾ?"

ಹೋದೆ. ಹಾಲ್ ತುಂಬ ತೇಗದ ತುಂಡುಗಳು. ನಡುವೆ ಶ್ರೀಧರ್ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ.

"ಏನಾಗಿದೆ ಅಂದ್ರೆ ಆಂಟಿ, ಅರ್ಧಕ್ಕರ್ಧ ಪೀಸ್ ಮಿಸ್ಸಿಂಗ್. ನೋಡಿ, ಇದು ಹನ್ನೊಂದನೇ ನಂಬರು. ಇದು ನೂರಾಹನ್ನೊಂದು. ಮಧ್ಯದ ತೊಂಬತ್ತೊಂಬತ್ತು ಇಲ್ಲವೇ ಇಲ್ಲ! ಶಿಪ್ಪಿಂಗ್ ಕಂಪನಿಗೆ ಆಗಲೇ ಕಂಪ್ಲೇಂಟ್ ಹಾಕಿದೀನಿ. ಇದಂತೂ ಸಾವಿರದ ನೂರಾಹನ್ನೊಂದು. ನನ್ನ ಫ್ರೆಂಡು ಬೈನರಿ ಇರ್ಬಹುದು ಅಂದ. ಆದ್ರೂ ಲೆಕ್ಕ ಕೂಡ್ತಿಲ್ಲ."

ಮಂಟಪ ಮಾಡಿದ ಧಾರವಾಡದ ಕಡೆಯ ಬಡಗಿ ಮೌನೇಶ ವಿಡಿಯೊ ಕಾಲ್‌ನಲ್ಲಿದ್ದ. ಫೋನಿನೊಳಗಿಂದ ತಲೆ ಚಚ್ಚಿಕೊಳ್ಳುವ ಸದ್ದು. "ಸಾಹೇಬ್ರ, ನೂರಲ್ಲರೀ, ಸಾವಿರಲ್ಲರೀ! ಎರಡು ಗೆರಿ ಅಂದ್ರ ಎರಡ, ಮೂರು ಅಂದ್ರ ಮೂರ! ಮುಂಜಾನಿಂದ ಹೇಳಾಕತ್ತೇನಿ. ಎಷ್ಟು ಓದೀರಿ ನೀವು?"

"ಎಂ.ಟೆಕ್," ಅಂದ ಶ್ರೀಧರ್ ಸಣ್ಣ ದನಿಯಲ್ಲಿ.

"ಅದಕ್ಕ ಹಿಂಗಾಗೈತಿ," ಅಂದ ಮೌನೇಶ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಶ್ರೀಧರನ ಒಂಬತ್ತು ವರ್ಷದ ಮಗಳು ಅನಘಾ ನಾಲ್ಕು ಗೆರೆಯ ತುಂಡನ್ನು ಎತ್ತಿಕೊಂಡು ಬಂದಳು. "ಬಟ್ ವೈ ಡಿಂಟ್ ಹೀ ಜಸ್ಟ್ ರೈಟ್ ಫೋರ್, ಆಂಟಿ?"

"ಕಂಬ ತಲೆಕೆಳಗಾದರೆ ಅಂಕಿ ಬದಲಾಗಿಬಿಡುತ್ತದೆ, ಪುಟ್ಟಿ. ಗೆರೆ ಹೇಗೆ ತಿರುಗಿಸಿದರೂ ಅಷ್ಟೇ ಇರುತ್ತದೆ. ಮತ್ತೆ ಉಳಿ ನೆಟ್ಟಗೆ ಮಾತ್ರ…"

ಆ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಕೂತುಬಿಟ್ಟೆ. IV ಎಂದು ಕೊರೆದ ಕಂಬ ತಲೆಕೆಳಗಾಗಿ ಬಿದ್ದರೆ VI ಎಂದು ಕಾಣುತ್ತದೆ. ನಾಲ್ಕನೆಯದು ಹೋಗಿ ಆರನೆಯದರ ಜಾಗದಲ್ಲಿ ನಿಲ್ಲುತ್ತದೆ. ನಾಲ್ಕು ನೆಟ್ಟಗೆರೆ ಕೊರೆದವನು ಅಂಕಿ ಬಾರದವನಲ್ಲ, ಕೆಲಸ ಬಲ್ಲವನು. ಅದನ್ನು ನನಗೆ ಎಳೆಯ ವಯಸ್ಸಿನಲ್ಲೇ ಒಬ್ಬ ಕಲಿಸಿದ್ದ. ಗೊತ್ತಿತ್ತು. ಎರಡು ಡಿಗ್ರಿಯ ಕೆಳಗೆ ಹೂತುಹಾಕಿದ್ದೆ.

"ಆಂಟಿ, ಆರ್ ಯೂ ಓಕೆ?" ಎಂದಳು ಅನಘಾ.

ಮಂಟಪ ಒಂದು ಗಂಟೆಯೊಳಗೆ ನಿಂತಿತು. ಯಾವ ತುಂಡೂ ಮಿಗಲಿಲ್ಲ.

ಸೋಮವಾರ ಸಹಿ ಮಾಡಲಿಲ್ಲ. ಮರುಪರಿಶೀಲನೆ ಬೇಕು ಎಂದು ಕಚೇರಿಗೆ ಬರೆದು, ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ರೂತ್ ಅಲ್ಲಿ ಸುಣ್ಣಕಲ್ಲಿನ ಪುಟ್ಟ ಮನೆಯಲ್ಲಿದ್ದರು. ಎಂಬತ್ತು ದಾಟಿತ್ತು, ಬೂಟು ಮಾತ್ರ ಅದೇ. ನಡೆದದ್ದೆಲ್ಲ ಹೇಳಿದೆ.

"ಆಗಲೇ ಯಾಕೆ ತಡೆಯಲಿಲ್ಲ ನೀವು?"

"ಗೆರೆಯ ವಿಷಯ ನನಗೂ ಗೊತ್ತಿರಲಿಲ್ಲ," ಅಂದರು. "ಆದರೆ ನೀನು ಖಂಡಿತ ಅಂದಾಗ ನಿನ್ನ ಆ ದೊಡ್ಡ ಸೂಜಿ ಚೀಲದಿಂದ ಹೊರಗೇ ಬಂದಿರಲಿಲ್ಲ. ಅದು ನನಗೆ ಕಂಡಿತ್ತು. ಕಂಡೂ ಸಹಿ ಹಾಕಿದೆ. ವರದಿಯಲ್ಲಿ ಎರಡು ಸಹಿ ಇವೆ ಕ್ಯಾಸ್, ನನ್ನ ಹೆಸರನ್ನೂ ಸೇರಿಸಿಯೇ ಹೇಳು."

ಕೊಂಡವರು ಒಂದು ದಿನದ ಮಟ್ಟಿಗೆ ಒಳಗೆ ಬಿಟ್ಟರು. ಮತ್ತೆ ಆ ಅಟ್ಟ ಹತ್ತಿದೆ. ಅರವತ್ತು ದಾಟಿದ ಮಂಡಿ, ಏಣಿಯ ಪ್ರತಿ ಮೆಟ್ಟಿಲಿಗೂ ಗೊಣಗಿತು. ಈ ಸಲ ದಬ್ಬಣ ಕೈಯಲ್ಲೇ ಇತ್ತು. ಕಪ್ಪು ಜಂತೆಯನ್ನು ಬೆರಳಿನಿಂದ ಉಜ್ಜಿದೆ. ಬಣ್ಣವಲ್ಲ, ಮಸಿ. ನಮ್ಮವ್ವನ ಅಡುಗೆಮನೆಯ ಜಂತೆಗಳ ಮೇಲಿದ್ದಂಥದ್ದೇ, ಎಣ್ಣೆಜಿಡ್ಡಿನ ಮಸಿ. ದಬ್ಬಣ ಆಡಿಸಿದೆ. ಮರದ ಬಿರುಕಿನೊಳಗೂ ಮಸಿ ಇಳಿದಿತ್ತು, ಆದರೆ ಒಂದು ಮರದ ಮೂತಿ ಇನ್ನೊಂದರ ತೂತಿನಲ್ಲಿ ಕೂತಿದ್ದ ಜಾಗದಲ್ಲಿ ಮರ ಬೆಳ್ಳಗಿತ್ತು. ಬಳಿದ ಬಣ್ಣವಾಗಿದ್ದರೆ ಜೋಡಿಸುವ ಮುಂಚೆಯೇ ಅಲ್ಲಿಗೂ ತಾಗಿರುತ್ತಿತ್ತು. ಈ ಸೂರು ನಿಂತ ಮೇಲೆ, ಹೊಗೆಗೊಳವೆ ಇಲ್ಲದ ಕಾಲದಲ್ಲಿ, ನೆಲದ ನಡುವಿನ ಒಲೆ ಇದನ್ನು ವರ್ಷಗಟ್ಟಲೆ ಕಪ್ಪು ಮಾಡಿತ್ತು.

ನಾಲ್ಕನೆಯ ಕಂಬಕ್ಕೆ ಟಾರ್ಚನ್ನು ಒರಗಿಸಿ ಹಿಡಿದೆ. ನಾಲ್ಕು ಗೆರೆಗಳು ಎದ್ದು ನಿಂತವು. ಮೂರು ಒಂದೇ ಅಳತೆ, ನಾಲ್ಕನೆಯದು ಕೊನೆಯಲ್ಲಿ ತುಸು ಜಾರಿತ್ತು, ಯಾರೋ ಕೂಗಿ ಕರೆದು ಕೈ ಅಲುಗಿದ ಹಾಗೆ. ಅದರ ಪಕ್ಕ ನನ್ನ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. "ನನಗಾ ಹೇಳಾಕ ಬಂದಿದ್ದೆಲ್ಲ ಶಾಣ್ಯಾಕಿ," ಎಂದು ಅಪ್ಪ ಅಂದ ಹಾಗಾಯಿತು.

ಪೆನ್ಸಿಲಿನಷ್ಟು ದಪ್ಪದ ಸಣ್ಣ ಕೊರೆತ ತೆಗೆದು, ಮರದ ಉಂಗುರ ಎಣಿಸುವ ಇಂಗ್ಲೆಂಡಿನ ಪ್ರಯೋಗಾಲಯಕ್ಕೆ ಕಳಿಸಿದೆವು. ಇದು ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೈಗೆ ಎಟುಕದಿದ್ದ ವಿದ್ಯೆ. ಮಳೆ ಹೆಚ್ಚಾದ ವರ್ಷ ಅಗಲ ಉಂಗುರ, ಕಡಿಮೆಯಾದ ವರ್ಷ ಸಣ್ಣದು. ಆ ಸಾಲನ್ನು ಆ ಸೀಮೆಯ ಹಳೆಯ ಓಕ್ ಮರಗಳ ಸಾಲಿನ ಜೊತೆ ಇಟ್ಟು ನೋಡಿದರೆ ಮರ ಕಡಿದ ಕಾಲ ಗೊತ್ತಾಗುತ್ತದೆ. ಉತ್ತರ ವಿಚಾರಣೆಯ ಹಿಂದಿನ ದಿನ ಬಂತು. ಕೊಲಂಬಸನ ಹಡಗು ಹೊರಡುವ ಮುಂಚೆಯೇ ಕಡಿದ ಮರ.

ವಿಚಾರಣೆಯ ಸಭೆಯಲ್ಲಿ ಕೊಂಡವರ ವಕೀಲರು ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ಚೆನ್ನಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ನಿಮ್ಮದೇ ಸಹಿ ತಾನೇ?" ಅಂದರು.

"ನನ್ನದೇ. ಪಕ್ಕದ್ದು ರೂತ್ ಅವರದು. ಸಹಿ ಸರಿ ಇದೆ. ಅದರ ಮೇಲಿರುವುದು ತಪ್ಪು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವಕೀಲರು ನಗಲಿಲ್ಲ. "ಆಗ ಖಂಡಿತ ಎಂದು ಬರೆದು ತಪ್ಪಿದವರು, ಈಗ ಸರಿ ಎಂದು ನಾವು ನಂಬುವುದು ಹೇಗೆ?"

ನ್ಯಾಯವಾದ ಪ್ರಶ್ನೆ. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ. "ನನ್ನನ್ನು ನಂಬಬೇಡಿ," ಎಂದೆ. "ಆಗ ನಾನು ಬರೆದದ್ದು ನನಗೆ ಗೊತ್ತಿದ್ದದ್ದನ್ನು. ಇವತ್ತು ತಂದಿರುವುದು ಮರ ಹೇಳಿದ್ದನ್ನು. ಮಸಿ, ಉಂಗುರ, ಗೆರೆ, ಮೂರೂ ಈ ಕಾಗದದಲ್ಲಿವೆ. ನನಗೆ ಗೊತ್ತಿಲ್ಲದ್ದು ಏನೇನು ಎಂಬುದೂ ಕೊನೆಯ ಪುಟದಲ್ಲಿ ಇದೆ. ಹಳೆಯ ವರದಿಯಲ್ಲಿ ಆ ಪುಟ ಇರಲಿಲ್ಲ."

ತೀರ್ಮಾನ ಅವತ್ತೇ ಆಗಲಿಲ್ಲ. ಅಷ್ಟು ಸುಲಭದಲ್ಲಿ ಇಲ್ಲಿ ಯಾವುದೂ ಆಗುವುದಿಲ್ಲ. ಒಂದು ತಿಂಗಳು ಎಳೆದಾಡಿ ಒಪ್ಪಂದವಾಯಿತು. ಟೆಕ್ಸಸ್ ಇಟ್ಟಿಗೆಯ ಪಕ್ಕದ ಕಟ್ಟಡಗಳು ಹೋದವು. ಹಾಲ್ ಉಳಿಯಿತು, ಐದಂಕಣವೂ, ಆರು ಜೊತೆ ಕಂಬವೂ. ಹೊಸ ಬಡಾವಣೆಯವರಿಗೆ ಅದು ಓದುವ ಮನೆಯಾಗಲಿದೆ. ಪೂರ್ತಿ ಮನೆ ಉಳಿಯಿತು ಎಂದು ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿ ಪೂರ್ತಿ ಎಂಬುದು ಬಹಳ ಅಪರೂಪ, ಅರ್ಧ ಸಿಕ್ಕರೂ ಸಂತೋಷಪಡುವುದನ್ನು ಕಲಿಯಿರಿ.

ಒಪ್ಪಂದವಾದ ವಾರವೇ ಮಿಸ್ ಲೊರೇನ್ ಅವರನ್ನು ನೋಡಲು ಹೋದೆ. ನಾಲ್ಕನೆಯ ಕಂಬದ ಗುರುತಿನ ಮೇಲೆ ತೆಳು ಕಾಗದ ಇಟ್ಟು, ಇದ್ದಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡಿದ್ದೆ. ಕಪ್ಪು ಹಾಳೆಯ ಮೇಲೆ ನಾಲ್ಕು ಬಿಳಿ ಗೆರೆ. ಅವರು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿದ್ದರು. ನನ್ನ ಗುರುತು ಸಿಗಲಿಲ್ಲ. ಹೆಸರು ಹೇಳಿದೆ, ಸಿಗಲಿಲ್ಲ. "ಮರ ಗೊತ್ತಿದ್ದರೆ ಸಾಲದು ಎಂದು ಹೇಳಿದವಳು ನಾನು," ಎಂದೆ.

"ಓ," ಅಂದರು. "ನೀನಾ."

"ನಾನೇ. ತಪ್ಪಾಯಿತು ಎಂದು ಹೇಳಲು ಬಂದೆ. ಆ ಹಾಲ್ ನಿಜವಾಗಿಯೂ ಹಳೆಯದು. ಯಾರೂ ಕೆಡವುವುದಿಲ್ಲ ಈಗ."

"ಹಾಗಾದರೆ ಡ್ಯಾಡಿ ಮೋಸ ಹೋಗಿರಲಿಲ್ಲ."

"ಇಲ್ಲ ಮಿಸ್ ಲೊರೇನ್. ಮೋಸ ಹೋದವಳು ನಾನು."

ಹಾಳೆಯನ್ನು ಅವರ ತೊಡೆಯ ಮೇಲೆ ಇಟ್ಟೆ. ಅವರು ಒಂದೊಂದೇ ಗೆರೆಯ ಮೇಲೆ ಬೆರಳು ಎಳೆದರು. ಜಾರಿದ ನಾಲ್ಕನೆಯ ಗೆರೆಯ ಹತ್ತಿರ ಬೆರಳು ನಿಂತಿತು.

"ಇದನ್ನು ಬರೆದವನಿಗೆ ಓದು ಬರುತ್ತಿರಲಿಲ್ಲ ಅಂತ ನೀನು ಅವತ್ತು ಹೇಳಿದ್ದೆ."

"ಹೇಳಿದ್ದೆ. ಎತ್ತ ತಿರುಗಿಸಿದರೂ ಓದಲು ಬರಲಿ ಎಂದು ಹಾಗೆ ಬರೆದಿದ್ದಾನೆ."

ಅವರು ನನ್ನ ಮುಖ ನೋಡಿದರು, ನಂಬದವರ ಹಾಗೆ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ತಲೆಕೆಳಗು ಮಾಡಿದರು. ಮತ್ತೆ ಬೆರಳಿಟ್ಟು ಎಣಿಸಿದರು.

"ನಾಲ್ಕೇ," ಅಂದರು, ನಗುತ್ತ.